ಸಿಟ್ಟಿನಲ್ಲಿ ಬಂದ ಹೆಸರು

"ಯಾರನ್ನ ಕೇಳಿ ಒಳಗೆ ಬಂದೆ?"

ಉಲುವೆಹಿಯ ದನಿಗೆ ಉಕುಲೆಲೆ ತಂತಿವಾದ್ಯ ಗಕ್ಕನೆ ನಿಂತಿತು. ಹವಾಯಿಯ ಹಿಲೋ ಕಡಲತೀರದ ಡೇರೆಯಲ್ಲಿ ಮಗಳ ಮೊದಲ ಹುಟ್ಟುಹಬ್ಬದ ಔತಣ. ಊರಿಗೆ ಊರೇ ಬಂದಿದೆ. ಎದುರಿಗೆ ನೈನೋವಾ! ಅವಳು ಬಸುರಿಯಾಗಿದ್ದಾಗ ಮೀನುಗಾರಿಕೆಯ ಹಡಗು ಹತ್ತಿ ಅಲಾಸ್ಕಾಕ್ಕೆ ಹೋದವನು. ತಿರುಗಿ ನೋಡದವನು.

ಈ ಗಳಿಗೆಗೆ ಎಷ್ಟು ಕಾದಿದ್ದೆ... ಇವತ್ತು ಬಿಡಬಾರದು!

"ಪಾಪು ಹೆಸರೇನು?" ಅವನು ಕೇಳಿದ.

"ಕೈಲಾನಿ."

"ಚೆಂದದ ಹೆಸರು..."

"ಚೆಂದನಾ? ಕೈ ಅಂದ್ರೆ ಕಡಲು. ಲಾನಿ ಅಂದ್ರೆ ಆಕಾಶ. ದೂರದಿಂದ ಕೂಡಿದ ಹಾಗೆ ಕಾಣುತ್ತೆ, ಎಂದೂ ಕೂಡಲ್ಲ! ಅದು ನಾನು, ನೀನು. ಎಂದಾದರೂ ಕೇಳಿದಾಗ ನಿನಗೆ ಚುಚ್ಚಲಿ ಅಂತಾನೇ ಇಟ್ಟೆ!"

ಉಲುವೆಹಿಯ ಅಜ್ಜಿ, ಅವಳ ಟೂಟೂ, ಹಣೆ ಚಚ್ಚಿಕೊಂಡಳು. "ಎರಡು ಮಾತು ಜೋಡಿಸಿ ಈಗಿನವರು ಕಟ್ಟಿದ ಹೆಸರು. ನಮ್ಮ ಹಿರಿಯರಿಗೆ ಹೆಸರು ಕನಸಲ್ಲಿ ಬರ್ತಿತ್ತು, ಕೂಸೇ."

"ನನಗೆ ಸಿಟ್ಟಲ್ಲಿ ಬಂತು, ಟೂಟೂ!"

ನೈನೋವಾ ತಲೆ ತಗ್ಗಿಸಿ ನಿಂತಿದ್ದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಬಾಯಿ ಬಿಡು! ಒಂದು ಫೋನ್ ಮಾಡೋಕೂ ಆಗಲಿಲ್ವಾ?"

"ನಿನ್ನ ಫೋನ್ ಸಿಗಲೇ ಇಲ್ಲ, ಉಲು. ಮನೆಗೆ ಮಾಡಿದೆ. 'ಮಗು ಉಳಿಯಲಿಲ್ಲ, ನಿನ್ನ ಮುಖ ನೋಡೋಕೂ ಅವಳಿಗೆ ಇಷ್ಟ ಇಲ್ಲ' ಅಂದ್ರು. ಮೊನ್ನೆ ಗೆಳೆಯನ ಫೋನಿನಲ್ಲಿ 'ಉಲುವೆಹಿಯ ಮಗಳ ಹುಟ್ಟುಹಬ್ಬ' ಅಂತ ಕರೆಯೋಲೆ ನೋಡಿ ಓಡಿ ಬಂದೆ."

"ಯಾರು ಅಂದ್ರು?"

ನೈನೋವಾ ಅಡುಗೆಯ ಕಡೆ ನೋಡಿದ. ಅಲ್ಲಿ ಹಂದಿಮಾಂಸ ಬೇಯುತ್ತಿದ್ದ ಗುಂಡಿಯ ಪಕ್ಕ ಅವಳ ಅಪ್ಪನ ಕೈಯಿಂದ ಸಲಿಕೆ ಜಾರಿ ಬಿತ್ತು.

"ಅಪ್ಪಾ...?"

"ಅವನ ಕರೆ ನಿನ್ನ ಫೋನಿಗೆ ಬರದ ಹಾಗೆ ಮಾಡಿದ್ದೂ ನಾನೇ. ಸಮುದ್ರದ ಮೇಲೇ ಇರೋನಿಗೆ ಮಗಳನ್ನ ಕೊಡೋಕೆ ಮನಸ್ಸಾಗಲಿಲ್ಲ..."

ಇಷ್ಟು ದಿನದ ಸಿಟ್ಟು... ತಪ್ಪು ಬಾಗಿಲಲ್ಲಿ ನಿಂತಿತ್ತಲ್ಲ!

ಅವಳು ಕಿರುಚಲಿಲ್ಲ. ತಣ್ಣಗೆ ಹೇಳಿದಳು: "ನೀನು ಇವಳನ್ನ ಇನ್ನು ಒಂದು ವರ್ಷ ಮುಟ್ಟಬೇಡ, ಅಪ್ಪಾ. ಅವನು ಕಳಕೊಂಡದ್ದೆಷ್ಟು ಅಂತ ನಿನಗೂ ಗೊತ್ತಾಗಲಿ."

ಅಪ್ಪ ಕಣ್ಣೊರೆಸಿಕೊಂಡು ಡೇರೆಯಿಂದ ಹೊರನಡೆದ. ಯಾರೂ ತಡೆಯಲಿಲ್ಲ.

"ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?" ನೈನೋವಾ ಮೆಲ್ಲಗೆ ಕೇಳಿದ.

"ತುಂಬಾ! ಒಂದು ಸಲ ಬಂದು ಬಾಗಿಲು ಬಡಿಯಬಾರದಿತ್ತಾ?"

"ಹೆದರಿದೆ, ಉಲು. ನೀನೇ ಎದುರಿಗೆ ನಿಂತು ಬೇಡ ಅಂದುಬಿಟ್ಟರೆ ಅಂತ..."

"ಈಗ ಬೇಡ ಅಂದರೆ?"

"ಅಂದರೂ ಹೋಗಲ್ಲ."

ಅವಳು ಮಗಳನ್ನು ಅವನ ತೋಳಿಗೆ ಕೊಟ್ಟಳು. ಕೈಲಾನಿ ಅವನ ಗಡ್ಡ ಹಿಡಿದು ಎಳೆದಳು.

"ಬೇಡ ಅನ್ನಲ್ಲ ಕಣೋ..."