ನಿಂಗಿಯೂ ಮಸುಕರಾಯನ ಹಳೇ ಕ್ಯಾಮೆರಾವೂ

ಏಳು ಕೆರೆಗಳ ಆಚೆ, ಎತ್ತು ಇಳಿಯಲಾರದ ಒಂದು ಕಣಿವೆಯ ತಳದಲ್ಲಿ, ಬಿಂಬನಗರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ರಾಜ ಇದ್ದ, ಆನೆ ಇತ್ತು, ಕತ್ತಿ ಹಿಡಿದ ಕಾವಲಿನವರು ಇದ್ದರು, ಮನೆಗೊಂದು ಕ್ಯಾಮೆರಾನೂ ಇತ್ತು. ರಾಜರ ಕಾಲದಲ್ಲಿ ಕ್ಯಾಮೆರಾ ಎಲ್ಲಿಂದ ಬಂತು ಅಂತ ಕೇಳುವವರು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ಕತೆ ನಿಮಗಾಗಿ ಕಾಯುವುದಿಲ್ಲ.

ಆ ಊರಲ್ಲಿ ನಿಂಗಿ ಅನ್ನುವವಳು ಇದ್ದಳು. ಕೆಟ್ಟ ಕ್ಯಾಮೆರಾ ರಿಪೇರಿ ಮಾಡುವುದು ಅವಳ ಕಸುಬು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಕಾಲಂತೂ ಒಂದು ಕಡೆ ನಿಂತದ್ದೇ ಇಲ್ಲ. ಕೂತರೆ ಮಂಡಿ ಅಲ್ಲಾಡಿಸುತ್ತಿದ್ದಳು, ನಿಂತರೆ ಹೆಬ್ಬೆರಳಿಂದ ನೆಲ ಕೆರೆಯುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವನು ಅಣ್ಣ ಕೆಂಚ. ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ.

ರಾಜನ ಹುಟ್ಟುಹಬ್ಬದ ದಿನ ಮಸುಕರಾಯ ಅನ್ನುವ ಮಾಂತ್ರಿಕ ಅರಮನೆಯ ಮುಂದೆ ಕ್ಯಾಮೆರಾ ನಿಲ್ಲಿಸಿ, ಬಂದವರಿಗೆಲ್ಲ ಪುಕ್ಕಟೆ ಫೋಟೋ ಅಂದ. ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ? ಕೆಂಚನೂ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಿ ಕೂತ.

ಮಾರನೆಯ ದಿನ ಹರಿಗೋಲು ಹತ್ತಿದವರು, "ದಾಟಿಸೋನು ಎಲ್ಲಿ ಹೋದ?" ಅಂತ ಅವನನ್ನೇ ಕೇಳಿದರು. ಎರಡನೆಯ ದಿನ ಪಕ್ಕದ ಮನೆಯವಳು ಅವನ ಮೇಲೆಯೇ ಕಸದ ನೀರು ಎರಚಿದಳು. ಮೂರನೆಯ ದಿನ ಬೆಳಿಗ್ಗೆ ನಿಂಗಿ ಅಣ್ಣನ ಮುಖ ನೋಡಿದರೆ, ಹಿಂದಿದ್ದ ಗೋಡೆ ಅದರೊಳಗಿಂದ ಕಾಣುತ್ತಿತ್ತು.

ಅಣ್ಣನ ಕೈ ಹಿಡಿದುಕೊಂಡು ಓಡಿದಳು, ನೇರ ಮಸುಕರಾಯನ ಮಹಡಿಗೆ.

ಮಸುಕರಾಯ ಉಯ್ಯಾಲೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ನಿಮ್ಮಣ್ಣನ ಮುಖ ರೀಲಿನಲ್ಲಿದೆ ಕಣಮ್ಮ," ಅಂದ. "ರೀಲು ಕ್ಯಾಮೆರಾದಲ್ಲಿದೆ. ಕ್ಯಾಮೆರಾ ಹಳೇದಾಯ್ತು ಅಂತ ಗುಜರಿ ಸಂತೆಗೆ ಹಾಕಿಬಿಟ್ಟೆ. ಇವತ್ತು ಸೂರ್ಯ ಮುಳುಗೋದರೊಳಗೆ ರೀಲು ತೊಳೆದು ಚಿತ್ರ ಮೂಡಿಸಿದರೆ, ಅವನು ಇನ್ನು ಮುಂದೆ ಅಳಿಸಿಹೋಗಲ್ಲ. ಆ ಚಿತ್ರ ಸುಡದೆ ಬಿಸಿಲಿಗೆ ಬಂದರೆ ಅವನೂ ಬರ್ತಾನೆ. ಹೋಗು, ಹುಡುಕಿಕೋ."

ಇಷ್ಟು ಧಾರಾಳವಾಗಿ ಯಾಕೆ ಹೇಳಿದ ಅಂತ ನಿಂಗಿ ಒಂದು ಗಳಿಗೆ ಯೋಚನೆ ಮಾಡಬಹುದಿತ್ತು. ಮಾಡಲಿಲ್ಲ. ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದಳು.

ಗುಜರಿ ಸಂತೆಯಲ್ಲಿ ಹಳೇ ಕ್ಯಾಮೆರಾದ ಅಂಗಡಿ ಇಟ್ಟಿದ್ದದ್ದು ಒಂದು ಕರಡಿ. ಮಂತ್ರದ ಕರಡಿ, ಮಾತಾಡುತ್ತಿತ್ತು, ಕನ್ನಡಕ ಹಾಕುತ್ತಿತ್ತು, ಚೌಕಾಸಿಗೆ ಮಾತ್ರ ಬಗ್ಗುತ್ತಿರಲಿಲ್ಲ.

"ನನ್ನ ಹತ್ತಿರ ದುಡ್ಡು ನಡೆಯಲ್ಲ," ಅಂದಿತು ಕರಡಿ. "ಮೂರು ಕ್ಯಾಮೆರಾ ಕೊಡ್ತೀನಿ. ಮೂರಕ್ಕೂ ಏನು ರೋಗ ಅಂತ ಹೇಳು. ಹೇಳಿದರೆ ಬೇಕಾದ್ದು ತಗೊಂಡು ಹೋಗು. ಒಂದು ತಪ್ಪಿದರೂ ನಿನ್ನ ಎರಡು ಕಣ್ಣು ನನಗೆ. ಲೆನ್ಸು ಮಾಡ್ತೀನಿ."

"ಬೇಗ ಕೊಡು ಮಾರಾಯ," ಅಂದಳು ನಿಂಗಿ.

ಒಂದು ಕೈಯಲ್ಲಿ ಅಣ್ಣನನ್ನು ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಮೊದಲನೆಯದನ್ನು ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದಳು. ಒಂದು ಎಣಿಸುವಷ್ಟರಲ್ಲಿ ಮುಚ್ಚಬೇಕಾದ ಶಟರು ಮೂರು ಎಣಿಸಿದರೂ ಗೊರಗೊರ ಅನ್ನುತ್ತಲೇ ಇತ್ತು. "ಒಳಗೆ ಎಣ್ಣೆ ಗಟ್ಟಿಯಾಗಿದೆ," ಅಂದಳು.

"ಹೌದು," ಅಂದಿತು ಕರಡಿ.

ಎರಡನೆಯದರ ಲೆನ್ಸನ್ನು ಸೂರ್ಯನ ಕಡೆಗೆ ಎತ್ತಿ ಓರೆಯಾಗಿ ನೋಡಿದಳು. ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು. "ಬೂಷ್ಟು ಹಿಡಿದಿದೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದಾರೆ."

"ಹೌದು," ಅಂದಿತು ಕರಡಿ.

ಮೂರನೆಯ ಕ್ಯಾಮೆರಾದ ಮೇಲೆ ಮಸುಕರಾಯನ ಮುದ್ರೆ ಇತ್ತು. ಅದನ್ನು ಕಂಡದ್ದೇ ನಿಂಗಿ ಕ್ಯಾಮೆರಾ ಎತ್ತಿಕೊಂಡಳು. ಆ ಸಂತೆಯಲ್ಲಿ ಒಂದು ಪದ್ಧತಿ ಇತ್ತು. ಹಳೇ ಕ್ಯಾಮೆರಾ ಕೈಗೆ ಬಂದರೆ ಯಾರೇ ಆಗಲಿ ಮೊದಲು ಬೆನ್ನಿನ ಮುಚ್ಚಳ ತೆಗೆದು ಒಳಗೆ ನೋಡಬೇಕು. ಅಪ್ಪ ಹಾಗೆ ಮಾಡಿದ, ಮಗ ಹಾಗೆ ಮಾಡಿದ. ನಿಂಗಿ ಸಾವಿರ ಸಲ ಮಾಡಿದ್ದಳು. ಒಳಗೆ ರೀಲಿದೆ ಅಂತ ಅವಳಿಗೆ ಗೊತ್ತಿತ್ತು. ರೀಲಿಗೆ ಬೆಳಕು ಬಿದ್ದರೆ ಸುಟ್ಟುಹೋಗುತ್ತದೆ ಅಂತಲೂ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಬೇಕಲ್ಲ. ಕೈ ತನ್ನ ಪಾಡಿಗೆ ತಾನು ಹೋಗಿ ಚಿಲಕ ಎಳೆದುಬಿಟ್ಟಿತು.

ಒಂದು ಸಲ ರೆಪ್ಪೆ ಮಿಟುಕಿಸುವಷ್ಟು ಹೊತ್ತು. ಅಷ್ಟೇ. ರಪ್ಪನೆ ಮುಚ್ಚಿದಳು.

ಪಕ್ಕದಲ್ಲಿ ಕೆಂಚ ಹಾ ಅಂದ. ನಿಂಗಿ ಹಿಡಿದುಕೊಂಡಿದ್ದ ಅವನ ಬಲಗೈ ಅವಳ ಹಿಡಿತದಲ್ಲೇ ಇಲ್ಲವಾಯಿತು. ನೋಡಿದರೆ, ಮಣಿಕಟ್ಟಿನಿಂದ ಮುಂದೆ ಏನೂ ಇರಲಿಲ್ಲ.

"ಅಣ್ಣಾ, ನಾನು ತೆಗೆದುಬಿಟ್ಟೆ," ಅಂದಳು ನಿಂಗಿ.

"ನೋವಿಲ್ಲ ಕಣೇ," ಅಂದ ಕೆಂಚ. ಸುಳ್ಳು ಹೇಳುತ್ತಿದ್ದ.

ಕರಡಿ ಕನ್ನಡಕ ಒರೆಸಿಕೊಂಡಿತು. "ಎಲ್ಲರೂ ತೆಗೀತಾರಮ್ಮ. ಅದಕ್ಕೇ ಅವನು ಇಲ್ಲಿಗೆ ಹಾಕೋದು. ಹಿಡಿದ ಮುಖವನ್ನ ಅವನ ಕೈಯಿಂದ ಸುಟ್ಟರೆ ಮಂತ್ರ ಕೆಡುತ್ತೆ. ಇನ್ನೊಬ್ಬರು ಸುಡಬೇಕು. ತಮ್ಮವರನ್ನ ತಾವೇ ಸುಟ್ಟು, ಏನೂ ಇಲ್ಲ ಅಂತ ರೀಲು ಎಳೆದು ಬಿಸಾಕಿ ಹೋಗ್ತಾರೆ. ಸುಟ್ಟ ಒಂದೊಂದು ಮುಖಕ್ಕೂ ಅವನಿಗೆ ಒಂದೊಂದು ವರ್ಷ ಆಯಸ್ಸು. ಒಂದೇ ಒಂದು ಮುಖ ಸುಡದೆ ಬಿಸಿಲಿಗೆ ಬಂದರೂ ಅವನ ಕತೆ ಮುಗೀತು. ಇವತ್ತಿನವರೆಗೆ ಬಂದಿಲ್ಲ."

ನಿಂಗಿ ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿದಳು. ರೀಲು ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಬೆಳಕು ಮೊದಲು ತಿನ್ನುವುದು ಮೇಲಿನ ಸುತ್ತನ್ನು. ಕೆಂಚನ ಚಿತ್ರ ಒಳಗಿತ್ತು, ಅಂಚಿಗೆ ಮಾತ್ರ ತಾಕಿತ್ತು. ಇನ್ನೂ ಜೀವ ಇತ್ತು.

"ಮೂರನೆಯದಕ್ಕೆ ಏನು ರೋಗ?" ಕೇಳಿತು ಕರಡಿ.

"ಇದಕ್ಕೆ ಯಾವ ರೋಗವೂ ಇಲ್ಲ," ಅಂದಳು ನಿಂಗಿ. "ರೋಗ ಇರೋದು ನನ್ನ ಕೈಗೆ."

"ಹೌದು," ಅಂದಿತು ಕರಡಿ. ಆಮೇಲೆ ಕ್ಯಾಮೆರಾದ ಜೊತೆಗೆ ರೀಲು ತೊಳೆಯುವ ಮುಚ್ಚಳದ ಡಬ್ಬಿ, ಒಂದು ಪೊಟ್ಟಣ ಡೆವಲಪರ್ ಪುಡಿ, ಒಂದು ಬಾಟಲಿ ಹೈಪೋ ಕಟ್ಟಿಕೊಟ್ಟಿತು. ಡೆವಲಪರ್ ಚಿತ್ರ ಮೂಡಿಸುತ್ತದೆ, ಹೈಪೋ ಅದನ್ನು ಬೆಳಕಿಗೆ ಸುಡದ ಹಾಗೆ ನಿಲ್ಲಿಸುತ್ತದೆ. ಎರಡೂ ಬೇಕು.

ರೀಲು ತೊಳೆಯುವ ಕತ್ತಲಕೋಣೆ, ಅಂದರೆ ಡಾರ್ಕ್‌ರೂಮು, ಇದ್ದದ್ದು ಪಾಳು ಕೋಟೆಯ ನೆಲಮಾಳಿಗೆಯಲ್ಲಿ. ಅಲ್ಲಿ ಕಾವಲಿಗೆ ಒಂದು ಗೂಬೆ. ಅದರ ಕಣ್ಣುಗಳು ಕೆಂಡದ ಹಾಗೆ ಉರಿಯುತ್ತಿದ್ದವು, ಕೋಣೆಯೆಲ್ಲ ಕೆಂಪಗಿತ್ತು.

"ಬಾ ಮಗಳೇ, ಕೂತು ಕೆಲಸ ಮಾಡು," ಅಂದಿತು ಗೂಬೆ. "ಕೆಂಪು ಬೆಳಕು ಏನೂ ಮಾಡಲ್ಲ, ನಿನಗೇ ಗೊತ್ತಲ್ಲ."

"ಫೋಟೋ ಅಚ್ಚಾಗೋ ಕಾಗದಕ್ಕೆ ಏನೂ ಮಾಡಲ್ಲ ಅಜ್ಜಿ. ರೀಲಿಗೆ ಕೆಂಪೂ ವಿಷವೇ. ಕಣ್ಣು ಮುಚ್ಚು."

"ಮುಚ್ಚೋಕೆ ಬರಲ್ಲ. ಮಸುಕರಾಯ ರೆಪ್ಪೆ ಕಿತ್ತುಕೊಂಡ. ಹನ್ನೆರಡು ವರ್ಷ ಆಯ್ತು ನಿದ್ದೆ ಮಾಡಿ."

ನಿಂಗಿಗೆ ಅಯ್ಯೋ ಅನ್ನಿಸಿತು. ಸೆರಗಿನ ಅಂಚು ಹರಿದು, ನಾಲ್ಕು ಮಡಿಕೆ ಮಾಡಿ, ಗೂಬೆಯ ಕಣ್ಣಿಗೆ ಕಟ್ಟಿದಳು. ಕೋಣೆ ಗವ್ವೆಂದು ಕತ್ತಲಾಯಿತು. ಗೂಬೆ ಅಲ್ಲೇ ಗೊರಕೆ ಹೊಡೆಯಿತು.

ಕತ್ತಲಲ್ಲಿ, ಬೆರಳಲ್ಲೇ ನೋಡುತ್ತ, ನಿಂಗಿ ಕ್ಯಾಮೆರಾ ಬಿಚ್ಚಿದಳು. ರೀಲಿನ ತುದಿಯ ನಾಲಿಗೆಯಂಥ ಚೂರನ್ನು ಕತ್ತರಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಡಬ್ಬಿಗೆ ಸುತ್ತಿ ಮುಚ್ಚಳ ಬಿಗಿದಳು. ಮುಚ್ಚಳ ಬಿದ್ದ ಮೇಲೆ ದೀಪ ಹಚ್ಚಬಹುದು. ಹಚ್ಚಿದಳು. ಅಣ್ಣ ಕಾಣಲಿಲ್ಲ.

"ಅಣ್ಣ?"

ದನಿ ಬರಲಿಲ್ಲ. ಆದರೆ ಉಳಿದ ಎಡಗೈ ಅವಳ ಭುಜ ಮುಟ್ಟಿತು. ಕಣ್ಣೀರು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಡೆವಲಪರ್ ಪುಡಿ ನೀರಲ್ಲಿ ಕದಡಿ, ಬೆಳಕು ನುಗ್ಗದ ಮುಚ್ಚಳದ ತೂತಿನಿಂದ ಸುರಿದು, ಡಬ್ಬಿ ಅಲ್ಲಾಡಿಸುತ್ತ ಎಣಿಸಿದಳು. ನೂರು, ಇನ್ನೂರು, ಆರುನೂರು. ಹೊರಗೆ ಸೂರ್ಯ ಮುಳುಗಿದ. ಭುಜದ ಮೇಲಿನ ಕೈ ಹಾಗೇ ಇತ್ತು. ಚಿತ್ರ ಮೂಡಿತ್ತು.

ಇನ್ನು ಹೈಪೋ. ಸುರಿಯುವ ಮೊದಲು, ಎತ್ತಿಟ್ಟ ಚೂರನ್ನು ಅದರಲ್ಲಿ ಅದ್ದಿ ಪರೀಕ್ಷೆ ಮಾಡಿದಳು. ಹೈಪೋ ಸರಿಯಿದ್ದರೆ ಹಾಲಿನಂಥ ಚೂರು ಗಾಜಿನ ಹಾಗೆ ತಿಳಿಯಾಗಬೇಕು. ನೂರು ಎಣಿಸಿದಳು. ಚೂರು ಹಾಲಿನ ಹಾಗೇ ಇತ್ತು. ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿದಳು. ಉಪ್ಪುನೀರು.

ಊರಿನ ಹೈಪೋ ಎಲ್ಲ ಮಸುಕರಾಯ ಮೊದಲೇ ಸುರಿಸಿಬಿಟ್ಟು, ಕರಡಿಗೂ ತಿಳಿಯದ ಹಾಗೆ ಬಾಟಲಿಗೆ ಉಪ್ಪುನೀರು ತುಂಬಿಸಿದ್ದ. ಚಿತ್ರ ಮೂಡಿದೆ, ಆದರೆ ಬೆಳಕಿಗೆ ತಂದರೆ ಸುಡುತ್ತದೆ. ನಿಂಗಿ ಕುಸಿದು ಕೂತಳು. ಬೈಯಬಾರದ್ದೆಲ್ಲ ಬೈದಳು, ಇಲ್ಲಿ ಹೇಳುವ ಹಾಗಿಲ್ಲ. ಬೈದು ಮುಗಿಸಿ ಮತ್ತೆ ಚೂರನ್ನು ನೋಡಿದರೆ, ಅದರ ಒಂದು ಅಂಚು, ಕೂದಲೆಳೆಯಷ್ಟು, ತಿಳಿಯಾಗಿತ್ತು.

ಉಪ್ಪೂ ಕೆಲಸ ಮಾಡುತ್ತಿತ್ತು. ಬಲು ನಿಧಾನ, ಅಷ್ಟೇ.

ಗೂಬೆಯನ್ನು ಎಬ್ಬಿಸಿ ಕಣ್ಣಿನ ಬಟ್ಟೆ ಬಿಚ್ಚಿದಳು. "ಅಜ್ಜಿ, ಕೋಟೆ ಅಡುಗೆಮನೆಯಲ್ಲಿ ಉಪ್ಪು ಇದೆಯಾ?"

"ಗುಡಾಣ ತುಂಬ ಇದೆ," ಅಂದಿತು ಗೂಬೆ. ಹನ್ನೆರಡು ವರ್ಷದ ಮೇಲೆ ನಿದ್ದೆ ಕಂಡ ಖುಷಿಗೆ ಹಾರಿಹೋಗಿ, ಕೊಕ್ಕಿನಲ್ಲಿ ಗಂಟು ಕಚ್ಚಿಕೊಂಡು ಬಂತು. ಕರಗದೆ ತಳದಲ್ಲಿ ಉಳಿಯುವಷ್ಟು ಉಪ್ಪು ಕದಡಿ, ನಿಂಗಿ ಡಬ್ಬಿಗೆ ಸುರಿದಳು. ಎಷ್ಟು ಹೊತ್ತು ಬೇಕು? ಚೂರಿನ ಅಂಚು ಸರಿದ ವೇಗ ನೋಡಿ ಲೆಕ್ಕ ಹಾಕಿದಳು. ಒಂದು ರಾತ್ರಿ, ಮತ್ತೆ ಒಂದು ಇಡೀ ಹಗಲಿಗೆ ಹತ್ತಿರ.

ಅಷ್ಟು ಹೊತ್ತು ಮುಚ್ಚಳ ತೆಗೆಯಬಾರದು. ಸುಮ್ಮನೆ ಕೂರಬೇಕು. ಕಾಡು ಅಲೆ ಅನ್ನಿ, ರಾಕ್ಷಸನ ಜೊತೆ ಹೊಡೆದಾಡು ಅನ್ನಿ, ನಿಂಗಿ ಹೋಗುತ್ತಿದ್ದಳು. ಸುಮ್ಮನೆ ಕೂರು ಅಂದರೆ? ಮೈಯೆಲ್ಲ ಇರುವೆ ಹರಿದ ಹಾಗಾಯಿತು. ಎದ್ದಳು, ಕೂತಳು, ಮತ್ತೆ ಎದ್ದಳು.

ಅಷ್ಟರಲ್ಲಿ ಬಾಗಿಲ ಆಚೆ ಪಕ್ಕದ ಮನೆಯವಳ ದನಿ. "ನಿಂಗೀ, ನಿನ್ನ ಮನೆಗೆ ಬೆಂಕಿ ಬಿದ್ದಿದೆ, ಬಾಗಿಲು ತೆಗಿ."

ದನಿ ಕದ್ದು ಕರೆಯುತ್ತಿದ್ದವನು ಮಸುಕರಾಯ. ನಿಂಗಿ ಅಲುಗಲಿಲ್ಲ.

ಬೆಳಗಿನ ಜಾವ ಕೆಂಚನ ದನಿ. "ನಿಂಗೀ, ನಾನು ಹೊರಗೆ ಬಂದುಬಿಟ್ಟೆ ಕಣೇ. ಚಳಿ ಆಗ್ತಿದೆ. ಬಾಗಿಲು ತೆಗಿ."

ನಿಂಗಿ ಎದ್ದು ನಿಂತಳು. ಭುಜದ ಮೇಲಿನ ಕೈ ಅವಳನ್ನು ಒತ್ತಿ ಕೂರಿಸಿತು.

ಮಧ್ಯಾಹ್ನ ಮೂರನೆಯ ದನಿ ಬಂತು. ಅದು ನಿಂಗಿಯದೇ ದನಿ. ಬಾಗಿಲ ಆಚೆಯಿಂದ ಬಂತೋ, ಅವಳ ತಲೆಯೊಳಗಿಂದ ಬಂತೋ ಹೇಳುವುದು ಕಷ್ಟ. "ಉಪ್ಪು ಕೆಲಸ ಮಾಡ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು? ಒಂಚೂರು ತೆಗೆದು ನೋಡೋಣ. ರೆಪ್ಪೆ ಮಿಟುಕಿಸುವಷ್ಟು ಹೊತ್ತು."

ಅವಳ ಬೆರಳು ಮುಚ್ಚಳದ ಮೇಲಿತ್ತು. ಮುಚ್ಚಳ ಅರ್ಧ ಸುತ್ತು ತಿರುಗಿಯೂ ಇತ್ತು. ನಿಂಗಿ ತನ್ನ ಬೆರಳನ್ನು ತಾನೇ ನೋಡಿ ಹೆದರಿದಳು. ಮುಚ್ಚಳ ಬಿಗಿದು, ಡಬ್ಬಿ ಕೆಳಗಿಟ್ಟು, ಎರಡೂ ಕೈಯನ್ನು ತನ್ನ ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತುಬಿಟ್ಟಳು. ಕೈ ಜೋಮು ಹಿಡಿಯಿತು. ಬೆವರು ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಬಿಸಿಲು ಇಳಿಮುಖವಾದಾಗ ಗೂಬೆ, "ಹೊತ್ತಾಯ್ತು ಮಗಳೇ," ಅಂದಿತು.

ನಿಂಗಿ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿ ಬಾಗಿಲು ತೆಗೆದಳು. ಎದುರಿಗೇ ಮಸುಕರಾಯ ನಿಂತಿದ್ದ, ನಗುತ್ತಿದ್ದ. "ತೆಗಿ, ತೆಗಿ. ಉಪ್ಪಿನಲ್ಲಿ ಉಪ್ಪಿನಕಾಯಿ ಹಾಕ್ತಾರೆ, ಅಣ್ಣಂದಿರನ್ನಲ್ಲ."

ಅವಳು ಮುಚ್ಚಳ ತಿರುಗಿಸಿ, ರೀಲು ಹೊರಗೆಳೆದು, ಇಳಿಬಿಸಿಲಿಗೆ ಎತ್ತಿ ಹಿಡಿದಳು. ರೀಲು ಸುಡಲಿಲ್ಲ. ಗಾಜಿನ ಹಾಗೆ ತಿಳಿಯಾಗಿತ್ತು, ಅದರ ನಡುವೆ ಎಣ್ಣೆ ಹಚ್ಚಿದ ತಲೆಯ ಕೆಂಚ ನೆಟ್ಟಗೆ ಕೂತಿದ್ದ.

ಮಸುಕರಾಯನ ನಗು ಮೊದಲು ಅಳಿಸಿತು, ಆಮೇಲೆ ಬಾಯಿ, ಆಮೇಲೆ ಮುಖ. ಅವನು ತಿಂದಿದ್ದ ವರ್ಷಗಳೆಲ್ಲ ಒಟ್ಟಿಗೆ ಬಿಟ್ಟುಹೋದವು, ನಿಂತ ಜಾಗದಲ್ಲಿ ಒಂದು ಹಿಡಿ ಮಸಿ ಉಳಿಯಿತು. ಅವನ ಮಂತ್ರ ಬಿಟ್ಟುಹೋಗಿ ಗೂಬೆ ರೆಪ್ಪೆ ಮುಚ್ಚಿ ತೆಗೆದು ಮತ್ತೆ ಮನುಷ್ಯರ ಅಜ್ಜಿಯಾದಳು. ಸಂತೆಯ ಕರಡಿ ಕನ್ನಡಕದ ಶೆಟ್ಟರಾದರು. ಸುಟ್ಟುಹೋಗಿದ್ದವರೆಲ್ಲ ಬೀದಿ ಬೀದಿಯಲ್ಲಿ ಎದ್ದು ಬಂದರು. ಬೆಳಕು ತಾಕಿದ ಕಡೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬಿಳಿ ಗುರುತು ಉಳಿದಿತ್ತು, ಒಬ್ಬರಿಗೆ ಕೆನ್ನೆ, ಒಬ್ಬರಿಗೆ ಹಣೆ. ಕ್ಯಾಮೆರಾದ ಮುಚ್ಚಳ ತೆಗೆದವರು ಯಾರು ಅಂತ ಬಂದವರು ಕೇಳಲಿಲ್ಲ. ತೆಗೆದವರು ತಾವಾಗಿಯೇ ಹೇಳಿ ಅತ್ತರು. ಅಂದಿನಿಂದ ಬಿಂಬನಗರಿಯವರು ಸುಖವಾಗಿ ಬಾಳಿದರು, ನಡುನಡುವೆ ಜಗಳ ಆಡುತ್ತ.

ಕೆಂಚ ಕೋಟೆಯ ಮೆಟ್ಟಿಲ ಮೇಲೆ ನಿಂತಿದ್ದ, ಇಡೀ ಮನುಷ್ಯ. ಬಲಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ ಹಾಲಿನಷ್ಟು ಬಿಳುಪು. ನಿಂಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. "ಇದು ಅವನು ಮಾಡಿದ್ದಲ್ಲ ಅಣ್ಣ. ನಾನು ಮಾಡಿದ್ದು."

"ಗೊತ್ತು. ಪಕ್ಕದಲ್ಲೇ ಇದ್ದೆನಲ್ಲ," ಅಂದ ಕೆಂಚ. "ಮಧ್ಯಾಹ್ನದಿಂದ ನೀನು ಕೈ ಮೇಲೆ ಕೂತಿದ್ದನ್ನೂ ನೋಡಿದೆ."

ಅವಳು ಅಳು ನಿಲ್ಲಿಸುವ ತನಕ ಅವನು ಕೈ ಬಿಡಿಸಿಕೊಳ್ಳಲಿಲ್ಲ.