ನಡುಕುದ್ರುವಿನ ಐದು ಬಿರಡೆಗಳು

ಜನವರಿ ಹತ್ತೊಂಬತ್ತು, ಭಾನುವಾರ. ಸಂಜೆ ಐದೂವರೆಯ ಹೊತ್ತಿಗೆ ಬಂಟ್ವಾಳದ ಠಾಣೆಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲೇ ಬಂದರು. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದು ರಜೆಗೆ ಊರಿಗೆ ಬಂದಿದ್ದ ಜಿತೇಶ್, ಅವನ ಹೆಂಡತಿ ನವ್ಯಾ, ಒಂಬತ್ತು ವರ್ಷದ ಮಗಳು ಪ್ರಾಪ್ತಿ ಮತ್ತು ಜಿತೇಶನ ತಾಯಿ ಸರಸ. ಹುಡುಗಿ ದೊಡ್ಡ ಟವಲಿನೊಳಗೆ ಮುದುಡಿ ಕುಳಿತಳು. ಬೆಂಚು ಒದ್ದೆಯಾಗುತ್ತದೆಂದು ಸರಸ ಮಾತ್ರ ನಿಂತೇ ಇದ್ದರು. ಆ ಬೆಂಚಿನ ಮೇಲೆ ಅಷ್ಟು ಕಾಳಜಿ ತೋರಿಸಿದವರು ಅದುವರೆಗೆ ಯಾರೂ ಇರಲಿಲ್ಲ.

"ಮೇಡಂ, ನನಗೆ ಎರಡು ವಿಷಯ ಬರೆದು ಕೊಡ್ಲಿಕ್ಕುಂಟು," ಎಂದ ಜಿತೇಶ್. "ಒಂದು ದೂರು. ಇನ್ನೊಂದು ಥ್ಯಾಂಕ್ಸ್. ಯಾವುದನ್ನು ಮೊದಲು ಬರೀಬೇಕು?"

ಸಬ್ ಇನ್‌ಸ್ಪೆಕ್ಟರ್ ಸಾತ್ವಿಕಾ ಕಾಗದ ಎಳೆದುಕೊಂಡರು. "ಥ್ಯಾಂಕ್ಸ್ ಬರೆದುಕೊಳ್ಳುವ ಕ್ರಮ ಇಲ್ಲಿಲ್ಲ. ದೂರು ಹೇಳಿ."

ನೇತ್ರಾವತಿಯ ನಡುವೆ ತೆಂಗಿನ ತೋಟವಿರುವ ಒಂದು ದ್ವೀಪವುಂಟು, ಊರವರ ಬಾಯಲ್ಲಿ ಅದು ನಡುಕುದ್ರು. ಎರಡು ವರ್ಷದಿಂದ ಅಲ್ಲಿ ಜಲಕ್ರೀಡೆ ನಡೆಯುತ್ತಿದೆ. ಹಿಂದಿನ ರಜೆಗಳೆಲ್ಲ ಮದುವೆ, ಗೃಹಪ್ರವೇಶಗಳಲ್ಲೇ ಮುಗಿದುಹೋಗಿದ್ದವು. ಈ ಸಲ ಮಗಳಿಗೆ ಒಂದು ಇಡೀ ದಿನ ನೀರಾಟ ಎಂದು ಜಿತೇಶ್ ಮಾತು ಕೊಟ್ಟಿದ್ದ. ಬೆಳಿಗ್ಗೆ ಮೋಟಾರು ಬೋಟು ಎಳೆಯುವ ಗಾಳಿ ಟ್ಯೂಬಿನ ಮೇಲೆ ಎಲ್ಲರೂ ಕುಳಿತರು. ತನಗೆ ಇದೆಲ್ಲ ಬೇಡವೇ ಬೇಡ ಎಂದಿದ್ದ ಸರಸ ಮೂರು ಸಲ ಕುಳಿತರು. ಮೊದಲ ಸಲ ಕಿರುಚಿದ್ದು ಹೆದರಿಕೆಗೆ, ಉಳಿದೆರಡು ಸಲ ಖುಷಿಗೆ. ಮರಳಿನ ಮೇಲೆ ಕುಳಿತು ಎಳನೀರು ಕುಡಿದರು, ಮೀನಿನ ಊಟ ಮಾಡಿದರು. ಬದುಕಿನಲ್ಲಿ ಇಷ್ಟು ನಕ್ಕ ದಿನ ನೆನಪಿಲ್ಲ ಎಂದು ನವ್ಯಾ ಹೇಳಿದ್ದಳಂತೆ.

ಊಟದ ನಂತರ ಕಯಾಕ್. ಇಬ್ಬರು ಕುಳಿತು ಹುಟ್ಟು ಹಾಕುವ ಪ್ಲಾಸ್ಟಿಕ್ ದೋಣಿ ಅದು. ಆ ದಿನ ಮೊದಲು ನೀರಿಗಿಳಿದದ್ದು ಜಿತೇಶ್ ಮತ್ತು ಪ್ರಾಪ್ತಿಯ ಕಯಾಕ್.

"ಕುದ್ರುವಿನ ಕೆಳಗಿನ ತುದಿಗೆ ಬರುವಾಗ ದೋಣಿ ಭಾರ ಆಯ್ತು, ಮೇಡಂ. ಒಳಗೆ ನೀರು ಕಾಣುವುದಿಲ್ಲ. ಎಷ್ಟು ಹುಟ್ಟು ಹಾಕಿದರೂ ಹೋಗುವುದಿಲ್ಲ. ಹಿಂದಿನ ಭಾಗ ಮುಳುಗಿ ಮಗುಚಿಯೇ ಬಿಟ್ಟಿತು. ಇವಳಿಗೆ ಕೊಟ್ಟದ್ದು ದೊಡ್ಡವರ ಲೈಫ್ ಜಾಕೆಟ್, ಅದು ತಲೆಯಿಂದ ಜಾರಿ ಹೋಯ್ತು. ನನಗೆ ಈಜು ಬರುವುದಿಲ್ಲ. ಅವಳು ಮುಳುಗುವುದನ್ನು ನಾನು ನೋಡ್ತಾ ಇದ್ದೆ."

ಉಳಿದದ್ದನ್ನು ನವ್ಯಾ ಹೇಳಿದಳು. ದಡದ ಪೊದೆಯ ಹಿಂದಿನಿಂದ ವಯಸ್ಸಾದ ಒಬ್ಬರು ನೀರಿಗೆ ಹಾರಿದರು, ಮುಳುಗಿ ಮಗುವನ್ನು ಎತ್ತಿ ತಂದರು, ಬೆನ್ನು ಒತ್ತಿ ನೀರು ಕಕ್ಕಿಸಿದರು. ಮತ್ತೆ ಈಜಿ ಹೋಗಿ ಜಿತೇಶನನ್ನೂ ಎಳೆದು ತಂದರು. ನವ್ಯಾ ಓಡಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ತಮ್ಮ ಸಣ್ಣ ಮರದ ದೋಣಿ ಹತ್ತಿ ಹೊರಟುಹೋಗಿದ್ದರು.

"ಕಯಾಕಿನ ಹಿಂದೆ ನೀರು ಬಸಿಯುವ ತೂತಿಗೆ ಒಂದು ಬಿರಡೆ ಇರ್ಬೇಕಂತೆ. ಅದು ಇರ್ಲಿಲ್ಲ. ಯಾರೋ ತೆಗೆದಿದ್ದಾರೆ ಅಂತ ಅಲ್ಲಿನ ಕೆಲಸದವ ನಿತೇಶ್ ಹೇಳಿದ," ಎಂದ ಜಿತೇಶ್. "ತೆಗೆದವನನ್ನು ಬಿಡ್ಬೇಡಿ. ಮಗುವನ್ನು ಉಳಿಸಿದವರನ್ನು ಹುಡುಕಿ ಕೊಡಿ. ಅವರ ಕಾಲು ಹಿಡೀಬೇಕು ನನಗೆ."

ಸಾತ್ವಿಕಾ ಹುಡುಗಿಯ ಕಡೆ ಬಗ್ಗಿದರು. "ಆ ಅಜ್ಜ ಎಂತಾದ್ರೂ ಹೇಳಿದ್ರಾ ಮಗಾ?"

ಪ್ರಾಪ್ತಿ ಟವಲಿನಿಂದ ಮುಖ ಹೊರಹಾಕಿದಳು. "ಅಳ್ತಾ ಇದ್ರು. ದಡದಲ್ಲೇ ನೀರು ಬರ್ಬೇಕಿತ್ತು, ದಡದಲ್ಲೇ ಬರ್ಬೇಕಿತ್ತು ಅಂತ ಎರಡು ಸಲ ಹೇಳಿದ್ರು."

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಅಬ್ದುಲ್ ನಾಸಿರ್ ತಲೆ ಎತ್ತಿ ನೋಡಿದರು. ಏಳು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಇತರರ ಜೀವಕ್ಕೆ ಅಪಾಯ ತಂದ ಆರೋಪ, ಆರೋಪಿ ಅಪರಿಚಿತ.

ಸೋಮವಾರ ಬೆಳಿಗ್ಗೆ ಸ್ಥಳ ಮಹಜರು. ಹೊಸ ಜೆಟ್ಟಿಯಿಂದ ಮೋಟಾರು ಬೋಟಿನಲ್ಲಿ ಕುದ್ರುವಿಗೆ ಹೋದರು. ಮರಳಿನ ಮೇಲೆ ನಾಲ್ಕು ಕಯಾಕ್‌ಗಳು ಸಾಲಾಗಿ ಬಿದ್ದಿದ್ದವು, ಮುಳುಗಿದ ಐದನೆಯದನ್ನು ಎಳೆದು ತಂದು ಕಟ್ಟಿದ್ದರು. ಐದರಲ್ಲೂ ಬಿರಡೆ ಇರಲಿಲ್ಲ. ಶನಿವಾರ ಸಂಜೆ ಎಲ್ಲ ಸರಿ ಇತ್ತೆಂದು ನಿತೇಶ್ ದೇವರ ಮೇಲೆ ಆಣೆ ಹಾಕಿದ. ಭಾನುವಾರ ನೋಡಿದೆಯಾ ಎಂದು ಕೇಳಿದ್ದಕ್ಕೆ ದೇವರನ್ನು ಬಿಟ್ಟು ನೆಲ ನೋಡಿದ.

"ಕಳ್ಳತನ ಇರ್ಬಹುದಾ?" ಎಂದು ಸಾತ್ವಿಕಾ ಕೇಳಿದರು.

"ಇದನ್ನು ಕದ್ದು ಎಂತ ಮಾಡುವುದು ಮೇಡಂ, ಚಟ್ನಿಗೂ ಆಗುವುದಿಲ್ಲ," ಎಂದರು ನಾಸಿರ್. "ನೀವು ಸ್ವಲ್ಪ ನನ್ನ ಒಟ್ಟಿಗೆ ಬನ್ನಿ. ಹಳೆಯ ಕಡವಿನ ಹತ್ತಿರ ಹೋಗುವ. ಆ ಮಗು ಹೇಳಿದ್ದು ನನ್ನ ತಲೆಯಲ್ಲೇ ಉಂಟು."

ಸೇತುವೆ ಬರುವ ಮೊದಲು ಜನ ದೋಣಿಯಲ್ಲಿ ಹೊಳೆ ದಾಟುತ್ತಿದ್ದ ಜಾಗಕ್ಕೆ ಕಡವು ಎನ್ನುತ್ತಾರೆ. ಕುದ್ರುವಿನ ಇನ್ನೊಂದು ಬದಿಯಲ್ಲಿ ಅದರ ಗುರುತಾಗಿ ದೋಣಿ ಕಟ್ಟುವ ಒಂದು ಮರದ ಕಂಬ ಉಳಿದಿತ್ತು. ಸುತ್ತ ಮುಳ್ಳು ಬೆಳೆದಿತ್ತು. ಈಗ ಆ ಕಡೆಗೆ ಯಾರೂ ಹೋಗುವುದಿಲ್ಲ.

ಕಂಬದ ತುದಿಯಲ್ಲಿ, ತೆಂಗಿನ ನಾರಿನ ಹುರಿಯಲ್ಲಿ ಪೋಣಿಸಿದ ಐದು ಕಪ್ಪು ಬಿರಡೆಗಳು ನೇತಾಡುತ್ತಿದ್ದವು.

ನಾಸಿರ್ ತಕ್ಷಣ ಮುಟ್ಟಲಿಲ್ಲ, ಚಪ್ಪಲಿ ಕಳಚಿ ನಿಂತರು. "ಮೇಡಂ, ನಾನು ಈ ಕಡವು ದಾಟಿಯೇ ಶಾಲೆಗೆ ಹೋದವ. ದೋಣಿ ದಾಟಿಸುವ ಕಡವಿನವರ ಮನೆಯಲ್ಲಿ ಸಾವು ಆದ್ರೆ, ಕ್ರಿಯೆಯ ದಿನ ದೋಣಿಯ ಬಿರಡೆ ತೆಗೆದು ಕಂಬಕ್ಕೆ ಕಟ್ತಿದ್ರು. ಇವತ್ತು ದೋಣಿ ಇಳಿಯುವುದಿಲ್ಲ ಅಂತ ಲೆಕ್ಕ. ದೊಡ್ಡವರು ಕೈ ಮುಗಿದು ವಾಪಸು ಹೋಗ್ತಿದ್ರು. ನಾವು ಮಕ್ಕಳು ಶಾಲೆ ತಪ್ಪಿತೂಂತ ಕುಣೀತಿದ್ದೆವು."

"ಯಾರಾದ್ರೂ ನೋಡದೆ ದೋಣಿ ಇಳಿಸಿದ್ರೆ?"

"ಮರದ ದೋಣಿ ಅಲ್ವಾ? ಬಿರಡೆ ಇಲ್ಲದಿದ್ರೆ ದಡದಲ್ಲೇ ಕಾಲಡಿಗೆ ನೀರು ಬರ್ತದೆ. ಹತ್ತಿದವ ಬೈದುಕೊಂಡು ಇಳೀತಾನೆ. ಯಾರೂ ಮುಳುಗುವುದಿಲ್ಲ."

ದಡದಲ್ಲೇ ನೀರು ಬರಬೇಕಿತ್ತು ಎಂದು ಅತ್ತವನೂ ಬಿರಡೆ ತೆಗೆದವನೂ ಒಬ್ಬನೇ ಎಂಬುದು ಈಗ ಇಬ್ಬರಿಗೂ ಗೊತ್ತಾಗಿತ್ತು. ಹಾಗೆ ಆಗಬಾರದಿತ್ತು ಎಂದು ಇಬ್ಬರಿಗೂ ಅನಿಸಿತು. ಪಂಚರ ಮುಂದೆ ಬಿರಡೆಗಳನ್ನು ವಶಪಡಿಸಿಕೊಂಡು ಮಹಜರು ಮುಗಿಸಿದರು.

"ಇಲ್ಲಿಯ ಕೊನೆಯ ಕಡವಿನವರು?"

"ಮೋನಪ್ಪಣ್ಣ," ಎಂದರು ನಾಸಿರ್, ಒಲ್ಲದ ಮನಸ್ಸಿನಿಂದ. "ಈ ತಿಂಗಳ ಮೊದಲ ವಾರ ಅವರ ಹೆಂಡತಿ ಕಮಲಕ್ಕ ತೀರಿಕೊಂಡ್ರು."

ಮಧ್ಯಾಹ್ನ ಇಬ್ಬರೂ ಮೂಡಬಿದಿರೆಗೆ ಹೋದರು. ತೆಂಗಿನ ತೋಟದ ಯಜಮಾನರು ಅಲ್ಲಿಯ ಸಂಪತ್‌ಕುಮಾರ, ಜಲಕ್ರೀಡೆ ನಡೆಸುವವನು ಅವರ ಮಗ ಶ್ರೇಯಾಂಸ್. ಹುಡುಗ ರಾತ್ರಿಯಿಡೀ ನಿದ್ದೆ ಮಾಡಿದಂತಿರಲಿಲ್ಲ.

"ಮೋನಪ್ಪ ನಿಮ್ಮ ಹತ್ತಿರ ಬಂದಿದ್ರಾ?"

"ಬಂದಿದ್ರು, ಶುಕ್ರವಾರ. ಹೆಂಡತಿಯ ಹದಿನಾರನೇ ದಿನ ಭಾನುವಾರ ಬರ್ತದೆ, ಕುದ್ರುವಿನ ಕೆಳಗಿನ ತುದಿಯಲ್ಲಿ ಎಲೆ ಇಟ್ಟು ಬಡಿಸ್ಲಿಕ್ಕುಂಟು, ಆ ಒಂದು ದಿನ ಅಲ್ಲಿಗೆ ಜನ ಬಿಡ್ಬೇಡಿ ಅಂದ್ರು. ಮೊದಲು ಅವರ ಮನೆ ಅಲ್ಲೇ ಇದ್ದದ್ದಂತೆ."

"ನೀವು ಎಂತ ಹೇಳಿದ್ರಿ?"

ಶ್ರೇಯಾಂಸ್ ತಂದೆಯ ಮುಖ ನೋಡಲಿಲ್ಲ. "ಭಾನುವಾರವೇ ನಮಗೆ ಜನ ಬರುವುದು, ಸೋಮವಾರ ಮಾಡಿ ಅಂದೆ."

"ಹದಿನಾರನೇ ದಿನವನ್ನು ಸೋಮವಾರಕ್ಕೆ ಹಾಕ್ಲಿಕ್ಕೆ ಆಗ್ತದಾ?" ಎಂದು ಸಂಪತ್‌ಕುಮಾರರೇ ಕೇಳಿದರು. ಪೊಲೀಸರು ಕೇಳಬೇಕಾಗಿ ಬರಲಿಲ್ಲ. ಮಗ ಸೋತ ದನಿಯಲ್ಲಿ, "ಮಕ್ಕಳ ಅಳತೆಯ ಜಾಕೆಟ್ ತರಿಸದಿದ್ದದ್ದು ನನ್ನ ತಪ್ಪು ಮೇಡಂ, ಬರ್ಕೊಳ್ಳಿ," ಎಂದ. ಸಾತ್ವಿಕಾ ಬರೆದುಕೊಂಡರು. ಪ್ರಕರಣದಲ್ಲಿ ಶ್ರೇಯಾಂಸನ ಹೆಸರೂ ಸೇರಿತು.

ಮೋನಪ್ಪನ ಮನೆಗೆ ಬೀಗ ಹಾಕಿತ್ತು. ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ಕಮಲಳ ತಮ್ಮನ ಮನೆಯುಂಟು, ಅಲ್ಲಿಗೆ ಹೋಗಿರಬೇಕೆಂದು ನೆರೆಯವರು ಹೇಳಿದರು. ಮಂಗಳವಾರ ಬೆಳಿಗ್ಗೆ ಜೀಪು ನೆರಿಯಕ್ಕೆ ಹೊರಟಿತು.

ಜೀಪಿನ ಸದ್ದಿಗೆ ಅರವತ್ತರ ಆಸುಪಾಸಿನ ಕಪ್ಪು, ಗಟ್ಟಿ ಮೈಯ ಮನುಷ್ಯ ಹೊರಬಂದು ಜಗಲಿಯಲ್ಲಿ ಕೈ ಮುಗಿದು ನಿಂತರು. ಓಡುವ ಯೋಚನೆಯೇನೂ ಅವರಿಗಿರಲಿಲ್ಲ.

"ಮಗು ಹೇಗುಂಟು?" ಎಂಬುದು ಅವರ ಮೊದಲ ಮಾತು.

"ಚೆನ್ನಾಗುಂಟು. ನಿನ್ನೆ ಎರಡು ನೀರುದೋಸೆ ಜಾಸ್ತಿ ತಿಂದಿದೆಯಂತೆ," ಎಂದರು ಸಾತ್ವಿಕಾ.

ಮೋನಪ್ಪ ಕಂಬ ಹಿಡಿದು ಕುಳಿತುಬಿಟ್ಟರು. "ದೇವರು ದೊಡ್ಡವರು," ಎಂದರು. ಆಮೇಲೆ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು.

"ಬಿರಡೆ ತೆಗೆದದ್ದು ನೀವಾ?"

"ನಾನೇ. ಶನಿವಾರ ಕೆಲಸದವರು ಹೋದ ಮೇಲೆ, ಕತ್ತಲಾಗುವ ಮೊದಲು. ಆ ಸಣ್ಣ ದೋಣಿಗಳು ಕೆಳಗಿನ ತುದಿಗೇ ಬರುವುದು, ಮೋಟಾರು ಬೋಟು ಆ ಕಡೆ ಬರುವುದಿಲ್ಲ. ಕಂಬಕ್ಕೆ ಕಟ್ಟಿದ್ದೆ, ನೋಡಿದ್ರೆ ಗೊತ್ತಾಗ್ತದೆ ಅಂತ."

"ಆ ಕಂಬವನ್ನು ಈಗ ಯಾರು ನೋಡ್ತಾರೆ ಮೋನಪ್ಪಣ್ಣ?" ಎಂದರು ನಾಸಿರ್.

"ಅದು ನನ್ನ ತಲೆಗೆ ಹೋಗ್ಲಿಲ್ಲ ನಾಸಿರ್. ಎಷ್ಟು ಕಾಲ ಎಲ್ಲರೂ ನೋಡಿದ ಕಂಬ ಅಲ್ವಾ. ನೋಡದಿದ್ರೂ ದಡದಲ್ಲೇ ನೀರು ಬರ್ತದೆ, ಇಳೀತಾರೆ ಅಂತ ಎಣಿಸಿದೆ. ಪ್ಲಾಸ್ಟಿಕಿನ ದೋಣಿಗೆ ಒಳಗೆ ಟೊಳ್ಳು ಉಂಟೂಂತ ನನಗೆ ಗೊತ್ತಿಲ್ಲ. ಹೊಟ್ಟೆಯೊಳಗೆ ನೀರು ತುಂಬಿಸಿಕೊಂಡು ನಡು ಹೊಳೆಯವರೆಗೆ ಸುಮ್ಮನೆ ಹೋಗ್ತದಲ್ಲ! ಅಂಥ ದೋಣಿಯನ್ನು ನಾನು ನೋಡಿದವನಲ್ಲ."

"ಮಗುವನ್ನು ತಂದ ಮೇಲೆ ಯಾಕೆ ಹೋದ್ರಿ?"

"ಆ ತಾಯಿ ಓಡಿ ಬರ್ತಾ ಇದ್ರು. ನನ್ನ ಕಾಲಿಗೆ ಬೀಳ್ತಾರೆ ಅಂತ ಗೊತ್ತಾಯ್ತು. ಅದನ್ನು ಹೇಗೆ ತಡ್ಕೊಳ್ಳುವುದು ಮೇಡಂ?"

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಬಂಧನದ ಪತ್ರಕ್ಕೆ ಮೋನಪ್ಪ ಸಹಿ ಹಾಕಿದರು, ಕಮಲಳ ತಮ್ಮನಿಗೆ ವಿಷಯ ತಿಳಿಸಲಾಯಿತು. ಜೀಪಿನಲ್ಲಿ ನಾಸಿರ್ ಅವರನ್ನು ಕಿಟಕಿಯ ಬದಿಗೆ ಕೂರಿಸಿದರು.

ಠಾಣೆಯಲ್ಲಿ ಜಿತೇಶನ ಸಂಸಾರ ಮೊದಲೇ ಬಂದು ಕಾದಿತ್ತು. ಮಗುವನ್ನು ಉಳಿಸಿದವರು ಸಿಕ್ಕಿದ್ದಾರೆ, ಬಿರಡೆ ತೆಗೆದವರೂ ಸಿಕ್ಕಿದ್ದಾರೆ ಎಂದು ಸಾತ್ವಿಕಾ ಫೋನಿನಲ್ಲಿ ತಿಳಿಸಿದ್ದರು. ಇಬ್ಬರೂ ಒಬ್ಬರೇ ಎನ್ನಲು ಮಾತ್ರ ಅವರಿಗೆ ಬಾಯಿ ಬಂದಿರಲಿಲ್ಲ. ಈಗ ಅದನ್ನು ಹೇಳಿದರು, ಕಮಲಳ ಹದಿನಾರನೇ ದಿನದ ಎಲೆಯ ವಿಷಯವನ್ನೂ ಹೇಳಿದರು.

ಜಿತೇಶ್ ಬೆಪ್ಪಾಗಿ ನಿಂತ. ಅಜ್ಜನಿಗೆಂದು ತಂದಿದ್ದ ಶಾಲು ಕೈಯಲ್ಲೇ ಇತ್ತು. ಕೊನೆಗೆ, "ಮೇಡಂ, ನನ್ನ ದೂರು ವಾಪಸು ಕೊಡಿ," ಎಂದ.

"ಎಫ್‌ಐಆರ್ ಹರಿದು ಬಿಸಾಡ್ಲಿಕ್ಕೆ ಆಗುವುದಿಲ್ಲ. ನೀವು ಹೇಳ್ಬೇಕಾದ್ದನ್ನು ಕೋರ್ಟಿನಲ್ಲಿ ಹೇಳಿ. ಠಾಣೆಯಲ್ಲೇ ಜಾಮೀನು ಕೊಡ್ಬಹುದು. ಜಾಮೀನಿಗೆ ಊರಲ್ಲೇ ಇರುವವರು ಬೇಕು."

ನವ್ಯಾ ನೇರ ಮೋನಪ್ಪನ ಎದುರು ಹೋಗಿ ನಿಂತಳು. ಅವರು ತಲೆ ಎತ್ತಲಿಲ್ಲ.

"ನನಗೆ ನಿಮ್ಮ ಮೇಲೆ ಸಿಟ್ಟುಂಟು," ಎಂದಳು. "ಸುಳ್ಳು ಹೇಳುವುದಿಲ್ಲ. ನಿನ್ನೆ ಇಡೀ ದಿನ ಇವಳು ಬಾತ್‌ರೂಮಿಗೆ ಹೋದ್ರೂ ನಾನು ಬಾಗಿಲ ಹತ್ತಿರ ನಿಂತಿದ್ದೆ."

"ಬೈಯಿರಿ ಅಮ್ಮ," ಎಂದರು ಮೋನಪ್ಪ. "ಹೊಡೆದ್ರೂ ನನಗೆ ಬೇಸರ ಇಲ್ಲ."

"ನೀವು ನೀರಿಗೆ ಹಾರುವಾಗ ಕಮಲಕ್ಕನ ಎಲೆ ಬಡಿಸಿ ಆಗಿತ್ತಾ?"

ಅಂಥ ಪ್ರಶ್ನೆಯನ್ನು ತನಿಖೆಯಲ್ಲಿ ಯಾರೂ ಕೇಳಿರಲಿಲ್ಲ. ಮೋನಪ್ಪ ಮೊದಲ ಸಲ ಅವಳ ಮುಖ ನೋಡಿದರು. "ಆಗಿತ್ತು. ಕಾಗೆ ಬರ್ತದಾ ಅಂತ ಕಾಯ್ತಾ ಕೂತಿದ್ದೆ. ಬರ್ಲೇ ಇಲ್ಲ. ಆಚೆ ಬದಿಯಲ್ಲಿ ಹಾಡು, ಗಲಾಟೆ. ನನ್ನಲ್ಲಿ ಅವಳಿಗೆ ಎಂತ ಬೇಸರವೋ ಅಂತ ಎಣಿಸ್ತಾ ಇದ್ದೆ. ಅಷ್ಟರಲ್ಲಿ ಮಗು ಬಿದ್ದದ್ದು ಕಂಡಿತು."

"ಮತ್ತೆ ಕಾಗೆ ಮುಟ್ಟಿತಾ?"

"ಗೊತ್ತಿಲ್ಲ ಅಮ್ಮ. ನಾನು ತಿರುಗಿ ನೋಡ್ಲಿಲ್ಲ."

ಆ ಮನುಷ್ಯನಿಗೆ ಬೇಕಾಗಿದ್ದದ್ದು ಹೆಂಡತಿಯ ಎಲೆಯ ಮುಂದೆ ಒಂದು ಹೊತ್ತು ಸುಮ್ಮನೆ ಕೂರಲು ಜಾಗ. ಅಷ್ಟನ್ನು ಕೇಳಿದ್ದರು, ಸಿಕ್ಕಿರಲಿಲ್ಲ, ತಮಗೆ ತಿಳಿದ ದಾರಿಯಲ್ಲಿ ಮಾಡಿಕೊಳ್ಳಲು ಹೋಗಿದ್ದರು. ಸಾತ್ವಿಕಾ ಅದನ್ನು ಕೇಸ್ ಡೈರಿಯಲ್ಲಿ ಎರಡು ಸಾಲಿನಲ್ಲಿ ಬರೆದರು.

ಸರಸ ಮುಂದೆ ಬಂದು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡರು. "ಊರಲ್ಲೇ ಇರುವವಳು ನಾನು. ಎಲ್ಲಿ ಸಹಿ ಹಾಕ್ಬೇಕು ಹೇಳಿ ಮೇಡಂ."

ದೂರುದಾರನ ತಾಯಿಯೇ ಆರೋಪಿಗೆ ಜಾಮೀನು ನಿಂತದ್ದನ್ನು ತಾನು ಇಷ್ಟು ವರ್ಷದ ಸರ್ವೀಸಿನಲ್ಲಿ ಕಂಡಿಲ್ಲ ಎಂದು ನಾಸಿರ್ ಗಟ್ಟಿಯಾಗಿಯೇ ಹೇಳಿದರು. ಹೇಳಿ, ಕಣ್ಣಿಗೆ ಏನೋ ಬಿತ್ತೆಂದು ಹೊರಗೆ ಹೋದರು.

"ಕಮಲಕ್ಕನಿಗೆ ಎಂತ ಇಷ್ಟ ಇತ್ತು?" ಎಂದು ನವ್ಯಾ ಕೇಳಿದಳು.

"ಮರುವಾಯಿ," ಎಂದರು ಮೋನಪ್ಪ. "ಹೊಳೆಯ ಮರುವಾಯಿ ಚಿಪ್ಪು, ಅಕ್ಕಿ ಉಂಡೆ ಹಾಕಿದ ಪುಂಡಿಗಸಿ. ಮೊನ್ನೆ ನನಗೆ ಅದು ಸರಿಯಾಗಿ ಮಾಡ್ಲಿಕ್ಕೆ ಬರ್ಲಿಲ್ಲ."

"ನನಗೆ ಬರ್ತದೆ. ತಿಂಗಳು ತುಂಬುವ ದಿನ ಹೇಳಿ, ನಾನು ಮಾಡಿ ತರ್ತೇನೆ. ಇವರೂ ಅಷ್ಟರವರೆಗೆ ರಜೆಯಲ್ಲಿದ್ದಾರೆ, ಎಲ್ಲರೂ ಒಟ್ಟಿಗೆ ಹೋಗುವ. ನಾವು ಥ್ಯಾಂಕ್ಸ್ ಹೇಳ್ಲಿಕ್ಕೆ ಅಂತಲೇ ಬಂದದ್ದು. ನಿಮಗೆ ಹೇಳ್ಲಿಕ್ಕೆ ನನಗೆ ಇವತ್ತು ಬಾಯಿ ಬರುವುದಿಲ್ಲ. ಕಮಲಕ್ಕನಿಗೆ ಹೇಳ್ತೇನೆ. ಅವರ ಎಲೆ ಅಲ್ಲಿ ಇದ್ದದ್ದರಿಂದ ನೀವು ಅಲ್ಲಿ ಇದ್ರಿ."

ಮೋನಪ್ಪ ಆಗ ಅತ್ತರು. ಪ್ರಾಪ್ತಿ ಅಪ್ಪನ ಕೈಯಿಂದ ಶಾಲು ತೆಗೆದುಕೊಂಡು ಹೋಗಿ, ಯಾರನ್ನೂ ಕೇಳದೆ, ಅವರ ಹೆಗಲಿಗೆ ಹೊದಿಸಿದಳು.