ಫೀಸು ಕೊಟ್ಟು ಬಂದ ಗಂಡ

ಹನ್ನೊಂದು ಗಂಟೆಯ ಕಕ್ಷಿದಾರರು ಬಂದಿದ್ದಾರೆ ಎಂದು ಹೊಸ ಸೆಕ್ರೆಟರಿ ಬಾಗಿಲು ತೆರೆದಾಗ ವಕೀಲೆ ಫೈಲಿನಿಂದ ತಲೆ ಎತ್ತಿದಳು. ಒಳಗೆ ಬಂದು, ಎದುರಿನ ಕುರ್ಚಿ ಎಳೆದು ಕೂತವನು ಅವಳ ಗಂಡ.

ಆ ಕುರ್ಚಿಯಲ್ಲಿ ಕೂರುವ ಗಂಡಂದಿರು ಏನು ಕೇಳಲು ಬರುತ್ತಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಿಚ್ಛೇದನದ ಕೇಸುಗಳಲ್ಲಿ ಊರಿಗೇ ಹೆಸರಾದವಳು ಅವಳು.

"ಫೀಸು ಕಟ್ಟಿದ್ಯಾ?" ಬೇರೇನೂ ತೋಚದೆ ಕೇಳಿದಳು.

"ಕಟ್ಟಿದೆ ವಕೀಲಮ್ಮ. ಎಂಥಾ ದುಬಾರಿ ಹೆಂಗಸನ್ನ ಮದುವೆ ಆಗಿದ್ದೀನಿ ಅಂತ ಇವತ್ತೇ ಗೊತ್ತಾಗಿದ್ದು."

ತುಟಿಯ ಒಂದು ಅಂಚಿನಲ್ಲಿ ಮಾತ್ರ ನಕ್ಕ. ಬೇರೆ ದಿನವಾಗಿದ್ದರೆ ಆ ಅರ್ಧ ನಗುವಿಗೇ ಅವಳು ಕರಗಿಹೋಗುತ್ತಿದ್ದಳು. ಇವತ್ತು ಅವಳ ಕಣ್ಣು ಹೋದದ್ದು ಅವನ ಗಲ್ಲದ ಮೇಲಿದ್ದ ಸಣ್ಣ ಗಾಯಕ್ಕೆ. ನೂರಾರು ಜನರನ್ನು ಹೊತ್ತ ವಿಮಾನವನ್ನು ಬಿರುಗಾಳಿಯಲ್ಲೂ ಇಳಿಸುವ ಪೈಲಟ್, ಬೆಳಿಗ್ಗೆ ಶೇವ್ ಮಾಡುವಾಗ ಕೊಯ್ದುಕೊಂಡಿದ್ದ. ಮುಟ್ಟಿ ನೋಡಬೇಕೆನಿಸಿತು. ಭಯಕ್ಕೆ ಕೈ ಏಳಲಿಲ್ಲ.

ಮಾತಾಡಬೇಕು, ಸ್ವಲ್ಪ ಟೈಮ್ ಕೊಡು ಎಂದು ಅವನು ತಿಂಗಳಿಂದ ಕೇಳುತ್ತಲೇ ಇದ್ದ. ಮುಂದಿನ ವಾರ ಎಂದು ಅವಳು ತಳ್ಳುತ್ತಲೇ ಇದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ದೊಡ್ಡವರು. ಇವರು ಮೊದಲು ಕಾಲು ಚಾಚಿ ಆಮೇಲೆ ಹಾಸಿಗೆ ಕೊಂಡ ಜೋಡಿ. ಸಮುದ್ರ ಕಾಣುವ ಫ್ಲ್ಯಾಟು, ಎರಡು ಕಾರು, ಅಡುಗೆಯವರು. ಎಲ್ಲಕ್ಕೂ ಇಬ್ಬರ ಸಂಬಳವೂ ಬೇಕು. ಅವಳು ಕೋರ್ಟಿಂದ ಬರುವಾಗ ಅವನು ಆಕಾಶದಲ್ಲಿ, ಅವನು ಇಳಿದು ಬರುವಾಗ ಅವಳು ಕೋರ್ಟಿನಲ್ಲಿ.

ಅವಳು ಪೆನ್ನು ಕೈಗೆತ್ತಿಕೊಂಡಳು. ಗಾಬರಿಯಲ್ಲಿ ಬಾಯಿ ತನ್ನ ಅಭ್ಯಾಸದ ದಾರಿಯನ್ನೇ ಹಿಡಿಯಿತು.

"ಎಷ್ಟು ದಿನದಿಂದ ಯೋಚನೆ ಮಾಡ್ತಿದ್ದೀರಿ?"

ಅವನು ಅವಳ 'ನೀವು' ಕೇಳಿ ಬೆದರಿದ. "ಆರು ತಿಂಗಳಾಯ್ತು."

"ಮನೆಯಲ್ಲಿ ಹೇಳಿದ್ದೀರಾ?"

"ಧೈರ್ಯ ಬರಲಿಲ್ಲ."

"ಮನಸ್ಸು ಬದಲಾಯಿಸೋ ಸಾಧ್ಯತೆ ಇದ್ಯಾ?"

"ಇಲ್ಲ."

"ನಿಮ್ಮ ಹೆಂಡತಿ..." ಅವಳು ಪೆನ್ನು ಕೆಳಗಿಟ್ಟಳು. "ಅವಳಿಗೆ ಇನ್ನೊಂದು ಅವಕಾಶ ಕೊಡಲ್ವಾ?"

ಅವನು ಅವಳನ್ನೇ ದಿಟ್ಟಿಸಿದ. ಮೆಲ್ಲಗೆ ಅವನ ಮುಖದ ಬಣ್ಣ ಇಳಿಯಿತು. ಕುರ್ಚಿ ಹಿಂದೆ ತಳ್ಳಿ, ಮೇಜು ಸುತ್ತಿ ಬಂದು ಅವಳ ಪಕ್ಕದಲ್ಲೇ ಮಂಡಿಯೂರಿದ.

"ಅಯ್ಯೋ ಹುಚ್ಚಿ, ನಾನು ಬಿಡ್ತಿರೋದು ಕೆಲಸ ಕಣೇ. ನಿನ್ನನ್ನಲ್ಲ."

ಅವಳು ಉಸಿರಾಡಿದಳು. ಅವನು ತಡಬಡಿಸುತ್ತಾ ಹೇಳಿಕೊಂಡ. ಹೊಸ ಪೈಲಟ್‌ಗಳಿಗೆ ಪಾಠ ಹೇಳುವ ಶಾಲೆಯಲ್ಲಿ ಕೆಲಸ. ಸಂಬಳ ಅರ್ಧಕ್ಕಿಂತ ಕಮ್ಮಿ. ದಿನಾ ಸಂಜೆ ಮನೆ.

"ಫ್ಲ್ಯಾಟ್ ಉಳಿಯಲ್ಲ," ಅಂದ. "ಅದು ನಿನ್ನ ಆಸೆ. ಅದಕ್ಕೇ ಹೆದರಿದೆ. ಮನೆ ಜೊತೆ ನೀನೂ ಹೋಗಿಬಿಟ್ರೆ ಅಂತ."

"ಹೋಗ್ಲಿ ಬಿಡು ಫ್ಲ್ಯಾಟು. ಅದರಲ್ಲಿ ನಾವು ಇದ್ದದ್ದಾದ್ರೂ ಯಾವಾಗ?"

ಅವನು ನಿರಾಳವಾಗಿ ಅವಳ ಮಡಿಲಿಗೆ ಹಣೆ ಆನಿಸಿದ. ಅವಳಿಗೆ ಮಾತ್ರ ನಿರಾಳವಾಗಲಿಲ್ಲ. ಅವನ ಕೂದಲಲ್ಲಿ ಬೆರಳಾಡಿಸುತ್ತಾ, ಅವನ ಮುಖ ಕಾಣದಿದ್ದುದರಿಂದಲೇ ಧೈರ್ಯ ಮಾಡಿ ಹೇಳಿದಳು.

"ನಂಗೆ ಬೇರೆ ಭಯ ಇದೆ. ಇಷ್ಟು ದಿನ ಟೈಮ್ ಇಲ್ಲ ಅನ್ನೋ ನೆಪ ಇತ್ತು. ದಿನಾ ಸಂಜೆ ಎದುರಿಗೆ ಕೂತ್ರೆ, ನಾನು ನಿನಗೆ ಬೇಜಾರಾಗಿಬಿಟ್ರೆ?"

ಅವನು ತಲೆ ಎತ್ತಿದ. ಸುಳ್ಳು ಸಮಾಧಾನ ಹೇಳಲಿಲ್ಲ.

"ನಂಗೂ ಅದೇ ಭಯ," ಅಂದ. "ಆದ್ರೂ ಬರ್ತೀನಿ."

ಬಾಗಿಲು ತಟ್ಟಿ ಸೆಕ್ರೆಟರಿ ಇಣುಕಿದಳು. ಮುಂದಿನ ಕಕ್ಷಿದಾರರು ಕಾಯುತ್ತಿದ್ದರು. ದೊಡ್ಡ ಕಂಪನಿಯ ಮಾಲೀಕರು, ಕಾಯಿಸಿದರೆ ಬೇರೆ ವಕೀಲರ ಹತ್ತಿರ ಹೋಗಿಬಿಡುವವರು.

"ಇವತ್ತು ಆಗಲ್ಲ ಅಂತ ಹೇಳಮ್ಮ," ಎಂದಳು ವಕೀಲೆ.

ಬಾಗಿಲು ಮುಚ್ಚಿತು. ಅವನು ಕುರ್ಚಿ ಎಳೆದು ಅವಳ ಪಕ್ಕ ಕೂತ.

"ಈಗ ಏನು ಮಾತಾಡೋದು?" ಅವಳು ಪಿಸುಗುಟ್ಟಿದಳು.

"ಗೊತ್ತಿಲ್ಲ. ನೀನೇ ಶುರು ಮಾಡು."

ಅವಳು ಯೋಚಿಸಿದಳು. ಹೆದರುತ್ತಲೇ ಅವನ ಗಲ್ಲದ ಗಾಯವನ್ನು ಮೆತ್ತಗೆ ಮುಟ್ಟಿ, "ನೋಯ್ತಿದ್ಯಾ?" ಎಂದು ಕೇಳಿದಳು.